ಮೊದಲು ಎರಿಮಣ್ಣು, ಆಮೇಲೆ ಪೆನ್ಸಿಲ್

ತಂಗೀ, ಮೂರು ವರ್ಷ ತುಂಬುತ್ತಲೇ ಕೂಸಿನ ಕೈಗೆ ಪೆನ್ಸಿಲ್ ಕೊಟ್ಟು ‘ಅ’ ತಿದ್ದಿಸುವ ಅವಸರ ಈಗ ಇಂಡಿ, ಸಿಂದಗಿ ಪೇಟೆಗಳಲ್ಲಿ ಮಾತ್ರ ಉಳಿದಿಲ್ಲ. ಮುದ್ದೇಬಿಹಾಳದ ಕಡೆಯ ಹಳ್ಳಿಗಳಿಗೂ ಬಸವನಬಾಗೇವಾಡಿ ಸುತ್ತಲಿನ ತಾಂಡಾಗಳಿಗೂ ಬಂದುಬಿಟ್ಟಿದೆ. ಬೆಳಿಗ್ಗೆ ಹಳದಿ ಬಸ್ಸಿನಲ್ಲಿ ಹೋದ ಮಗು ಸಂಜೆ ಒಂದು ಪುಟ ಹೋಂವರ್ಕ್ ಹೊತ್ತು ಬರುತ್ತದೆ. ಬರೆಯಲು ಕುಳಿತರೆ ಗೆರೆ ಎತ್ತೆತ್ತಲೋ ಹೋಗುತ್ತದೆ, ನಿನಗೆ ಸಿಟ್ಟು ಬರುತ್ತದೆ, ಅದಕ್ಕೆ ಅಳು ಬರುತ್ತದೆ. ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ಕಲಿಸುತ್ತಲೇ ತಲೆ ಬೆಳ್ಳಗಾದವಳು ನಾನು. ಅದರ ಮೇಲೆ ಹೇಳುತ್ತೇನೆ, ಕೇಳು: ಆ ಮಗು ದಡ್ಡ ಅಲ್ಲ, ಹಟಮಾರಿಯೂ ಅಲ್ಲ. ಅದರ ಕೈ ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೇ. ಬರೆಯುವ ಕೈ ಪೆನ್ಸಿಲ್ಲಿನಿಂದ ತಯಾರಾಗುವುದಿಲ್ಲ. ಅದಕ್ಕೂ ಮೊದಲು ನೆಲ, ಮಣ್ಣು, ಹಿಟ್ಟು, ಜೋಕಾಲಿ ಇವೆಲ್ಲ ಅದರ ಮೈಗೂ ಕೈಗೂ ಸಿಗಬೇಕು.

ಕೂಸಿನ ಮೈ ಅದರ ಹಿಡಿತಕ್ಕೆ ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ಕುತ್ತಿಗೆ, ಆಮೇಲೆ ಬೆನ್ನು, ಸೊಂಟ, ಕಡೆಗೆ ಕಾಲು. ಕೈಯಲ್ಲಿಯೂ ಹಾಗೆಯೇ, ಮೊದಲು ಹೆಗಲು, ಆಮೇಲೆ ಮೊಳಕೈ, ಮಣಿಕಟ್ಟು, ಎಲ್ಲಕ್ಕಿಂತ ಕಡೆಗೆ ಬೆರಳ ತುದಿ. ಹೆಗಲಿಗೆ ಬಲ ಬರದೆ ಬೆರಳಿಗೆ ನಯ ಬರುವುದಿಲ್ಲ. ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದಷ್ಟೇ ಒಂದಿಷ್ಟು ಸರಿಯಾಗಿ ಕಾಣುತ್ತದೆ. ಎದೆಹಾಲು ಕುಡಿಯುವಾಗ ನಿನ್ನ ಮುಖ ಇರುವುದು ಅಷ್ಟೇ ದೂರದಲ್ಲಿ. ಕಿವಿ ಮಾತ್ರ ಹೊಟ್ಟೆಯಲ್ಲಿದ್ದಾಗಲೇ ಕೆಲಸಕ್ಕೆ ಹತ್ತಿರುತ್ತದೆ, ಹಾಗಾಗಿ ನಿನ್ನ ದನಿ ಹುಟ್ಟುವ ಮೊದಲೇ ಅದಕ್ಕೆ ಪರಿಚಯ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗುತ್ತದೆ. ನಾಲ್ಕು ತಿಂಗಳ ಸುಮಾರಿಗೆ ಕುತ್ತಿಗೆ ನಿಂತು, ಕಂಡದ್ದಕ್ಕೆ ಕೈ ಚಾಚಲು ನೋಡುತ್ತದೆ. ಆರು ತಿಂಗಳಿಗೆ ಇಡೀ ಅಂಗೈಯಿಂದ ಬಾಚಿ ಹಿಡಿದು, ಈ ಕೈಯಿಂದ ಆ ಕೈಗೆ ದಾಟಿಸಿ, ಸೀದಾ ಬಾಯಿಗೆ ಇಡುತ್ತದೆ. ಬಾಯಿಗೆ ಇಟ್ಟಿತೆಂದು ಗದರಬೇಡ. ವಸ್ತು ಗಟ್ಟಿಯೋ ಮೆತ್ತಗೋ, ತಣ್ಣಗೋ ಬೆಚ್ಚಗೋ ಎಂದು ಆ ವಯಸ್ಸಿನಲ್ಲಿ ಅದಕ್ಕೆ ಚೆನ್ನಾಗಿ ತಿಳಿಯುವುದೇ ತುಟಿ, ನಾಲಿಗೆಯಿಂದ. ಕೈಗೆ ಸಿಗುವುದು ಸ್ವಚ್ಛವಾಗಿರುವಂತೆ, ನುಂಗಲು ಬಾರದಷ್ಟು ದೊಡ್ಡದಾಗಿರುವಂತೆ ನೋಡಿಕೊಂಡರೆ ಸಾಕು.

ಈ ಎಲ್ಲಕ್ಕೂ ಬೇಕಾದದ್ದು ನೆಲ. ನಮ್ಮ ಕಡೆ ಕೂಸಿಗೆ ಸಿಗದೆ ಹೋಗುವುದೂ ಅದೇ. ಹೊಲಕ್ಕೆ ಹೋದರೆ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ, ಮನೆಗೆ ಬಂದರೆ ತೊಟ್ಟಿಲು, ಎಚ್ಚರವಾದರೆ ಅಕ್ಕನ ಬಗಲು. ಹುಳ ಹುಪ್ಪಡಿ, ಚೇಳಿನ ಭಯಕ್ಕೆ ಹೀಗೆ ಮಾಡುತ್ತೀರಿ, ಅದು ನನಗೆ ಗೊತ್ತು. ಆದರೆ ದಿನವೆಲ್ಲ ಜೋಳಿಗೆಯಲ್ಲಿ ಬೆನ್ನು ಬಾಗಿಸಿಕೊಂಡು ಮಲಗಿದ ಕೂಸು ಕುತ್ತಿಗೆ ಎತ್ತುವುದನ್ನು ಎಲ್ಲಿ ಕಲಿಯಬೇಕು? ಅದು ಎಚ್ಚರವಿದ್ದಾಗ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಪಡಸಾಲೆಯಲ್ಲಿ ಕೌದಿ ಹಾಸಿ ಬೋರಲು ಮಲಗಿಸು. ನೀನು ಎದುರಿಗೆ ಕುಳಿತು ಮಾತಾಡಿಸು. ಹೀಗೆ ಬಿಡಿ ಬಿಡಿಯಾಗಿ ಸೇರಿ ದಿನಕ್ಕೆ ಅರ್ಧ ತಾಸಾದರೂ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿದ್ದೆಗೆ ಮಾತ್ರ ಬೋರಲು ಬೇಡ, ಅಂಗಾತವೇ ಮಲಗಿಸಬೇಕು. ಅಜ್ಜಿ ಹೊಲಿದ ಕೌದಿಯಾದರೆ ಇನ್ನೂ ಒಳ್ಳೆಯದು. ಹಳೆ ಧೋತರದ ತುಂಡು, ಇಳಕಲ್ ಸೀರೆಯ ಸೆರಗಿನ ತುಂಡು, ಸಾಲುಸಾಲು ಎದ್ದು ನಿಂತ ದಾರದ ಹೊಲಿಗೆ, ಒಂದೊಂದನ್ನೂ ಕೂಸಿನ ಬೆರಳು ಬೇರೆ ಬೇರೆಯಾಗಿ ತಡವುತ್ತ ಹೋಗುತ್ತದೆ. ಆಟಿಕೆ ಕೊಳ್ಳುವ ಮೊದಲು ಇದನ್ನೊಂದು ಸಲ ಕುಳಿತು ನೋಡು.

ನಡಿಗೆಯ ವಿಷಯದಲ್ಲಿ ನಮ್ಮ ಓಣಿಗಳಲ್ಲಿ ನಡೆಯುವಷ್ಟು ಹೋಲಿಕೆ ಬೇರೆ ಯಾವುದರಲ್ಲೂ ಇಲ್ಲ. “ಆಕಿ ಮಗ ಹತ್ತು ತಿಂಗಳಿಗೆ ನಡದ, ಇದಕ್ಕ ವರ್ಷಾದ್ರೂ ಹೆಜ್ಜಿ ಬರವಲ್ದು” ಎಂಬ ಮಾತು ಕೇಳಿ ಎಷ್ಟು ತಾಯಂದಿರು ಕಣ್ಣೀರು ಹಾಕಿದ್ದಾರೋ! ಘಾನಾ, ನಾರ್ವೆ, ಒಮಾನ್, ಅಮೆರಿಕ ದೇಶಗಳ ಮಕ್ಕಳ ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ತೆಗೆದು 2006ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ನೋಡು, ಎಲ್ಲ ಆರೋಗ್ಯವಂತ ಮಕ್ಕಳೇ, ಆದರೂ ನಡಿಗೆಯಲ್ಲಿ ಒಂಬತ್ತು ತಿಂಗಳ ಅಂತರ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ಎದ್ದು ನಡೆದಿದ್ದವು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಎರಡು ವರ್ಷದವರೆಗೆ ಅದರ ವಯಸ್ಸನ್ನು ಹುಟ್ಟಬೇಕಾಗಿದ್ದ ದಿನದಿಂದ ಎಣಿಸು. ಓಣಿಯವರು ಈ ಲೆಕ್ಕ ಹಾಕುವುದಿಲ್ಲ, ನೀನೇ ಹಾಕಿಕೊಳ್ಳಬೇಕು.

ಬೇಗ ನಡೆಯಲಿ ಎಂದು ಸಂತೆಯಿಂದ ಪ್ಲಾಸ್ಟಿಕ್ ವಾಕರ್ ತರಬೇಡ. ಕೂಸು ಅದರ ಸೀಟಿನಲ್ಲಿ ಜೋತು ಬಿದ್ದು ಕಾಲ ತುದಿಯಿಂದ ನೆಲ ಒದೆಯುತ್ತದೆ, ನಡಿಗೆ ಕಲಿಯುವುದಿಲ್ಲ. ಹೊಸ್ತಿಲು ದಾಟಿ ಉರುಳಿಬಿದ್ದರೆ ತಲೆಗೆ ಪೆಟ್ಟು. ಈ ಅಪಾಯಕ್ಕಾಗಿಯೇ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಬಡಿಗೇರರು ಮಾಡಿಕೊಡುತ್ತಿದ್ದ ಮೂರು ಗಾಲಿಯ ಕಟ್ಟಿಗೆ ಬಂಡಿಯ ಮಾತು ಬೇರೆ. ಅಲ್ಲಿ ಕೂಸು ತನ್ನ ಕಾಲ ಮೇಲೆ ತಾನು ನಿಂತು, ಹಿಡಿಕೆ ಹಿಡಿದು, ತಾನೇ ತಳ್ಳಬೇಕು. ನೀನು ಜೊತೆಗಿದ್ದರೆ ಅದು ಒಳ್ಳೆಯ ಆಟ.

ಈಗ ಕೈಗೆ ಬರೋಣ, ನನಗೆ ಹೆಚ್ಚು ಹೇಳಬೇಕಿರುವುದು ಅದನ್ನೇ. ಒಂಬತ್ತು, ಹತ್ತು ತಿಂಗಳಿಗೆ ಕೂಸು ಹೆಬ್ಬೆರಳು, ತೋರುಬೆರಳ ತುದಿ ಕೂಡಿಸಿ ನೆಲದ ಮೇಲಿನ ಒಂದೇ ಒಂದು ಅನ್ನದ ಅಗುಳನ್ನು ಎತ್ತುತ್ತದೆ. ಅಂದಿನಿಂದ ತಟ್ಟೆಯನ್ನು ಅದರ ಮುಂದೆ ಇಡು. ಮೆತ್ತಗೆ ಬೆಂದ ಅನ್ನ, ಹಾಲಿನಲ್ಲಿ ನೆನೆದ ರೊಟ್ಟಿಯ ತುಣುಕು, ಹಣ್ಣು ಹಣ್ಣಾದ ಬಾಳೆ, ತಾನೇ ಎತ್ತಿ ತಿನ್ನಲಿ. ಅರ್ಧ ನೆಲಕ್ಕೆ, ಅರ್ಧ ಮೂಗಿಗೆ ಹೋದರೂ ಹೋಗಲಿ. ಇಡೀ ಶೇಂಗಾ, ಪುಠಾಣಿಯನ್ನು ಮಾತ್ರ ನಾಲ್ಕು ವರ್ಷ ದಾಟುವವರೆಗೆ ಕೊಡಬೇಡ. ಉಸಿರಿನ ದಾರಿಗೆ ಹೋಗಿ ಸಿಕ್ಕಿಕೊಂಡರೆ ತಾಲೂಕು ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಉಳಿಯದು.

ಎರಡು ವರ್ಷದ ಸುಮಾರಿಗೆ ನೀನು ರೊಟ್ಟಿ ಬಡಿಯುವಾಗ ಸೆರಗು ಹಿಡಿದು ಪೀಡಿಸುತ್ತದಲ್ಲ, ಒಲೆಯಿಂದ ದೂರ ಕೂರಿಸಿ ಲಿಂಬೆ ಗಾತ್ರದ ಜೋಳದ ಹಿಟ್ಟಿನ ಉಂಡೆ ಕೊಡು. ಹಿಟ್ಟು ಬೆರಳಿಗೆ ಎದುರು ಒತ್ತುತ್ತದೆ, ಬೆರಳಿಗೆ ಶಕ್ತಿ ಬರುವುದೇ ಹಾಗೆ. ನಿನ್ನಂತೆಯೇ ಎರಡೂ ಕೈಯಿಂದ ತಟ್ಟಲು ನೋಡುತ್ತದೆ. ದುಂಡಗೆ ಬರುವುದಿಲ್ಲ, ಅಂಚು ಹರಿಯುತ್ತದೆ. “ಚೊಲೋ ಬಂದೈತಿ” ಎಂದು ಹಂಚಿನ ಮೂಲೆಯಲ್ಲಿ ಬೇಯಿಸಿ ಅದಕ್ಕೇ ತಿನ್ನಿಸು. ನಾಳೆ ಮತ್ತೆ ಕೇಳುತ್ತದೆ.

ಇನ್ನು ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಬರುವ ಈ ಹಬ್ಬಕ್ಕೆ ಈಗ ಬಹಳ ಮನೆಗಳಲ್ಲಿ ಪೇಟೆಯಿಂದ ಬಣ್ಣ ಬಳಿದ ಎತ್ತು ಕೊಂಡು ತಂದು ಪೂಜೆ ಮುಗಿಸುತ್ತಾರೆ. ಪೂಜೆಗೆ ಬೇಕಾದರೆ ಕೊಂಡೇ ತಾ, ಆದರೆ ಮಗುವಿಗೆ ಒಂದು ಮುದ್ದೆ ಎರಿಮಣ್ಣು ಕೊಡುವುದನ್ನು ಬಿಡಬೇಡ. ಐದು ವರ್ಷದ ಮಗು ಎತ್ತು ಮಾಡುವುದನ್ನು ಹತ್ತಿರ ಕುಳಿತು ನೋಡು. ಮೊದಲು ಹೆಂಟೆ ಒಡೆದು ಕಲ್ಲು, ಕಸ ಆರಿಸುತ್ತದೆ. ನೀರು ಹಾಕಿ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತದೆ; ಅಲ್ಲಿ ದುಡಿಯುವುದು ಹೆಗಲು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಕೈಗೇ ಗೊತ್ತಾಗುತ್ತದೆ. ಮೈಗೆ ಒಂದು ದಪ್ಪ ಉಂಡೆ. ಕಾಲಿಗೆ ಎರಡು ಅಂಗೈ ನಡುವೆ ಹೊಸೆದ ನಾಲ್ಕು ಸುರುಳಿ. ನಾಲ್ಕೂ ಒಂದೇ ಉದ್ದ ಇಲ್ಲದಿದ್ದರೆ ಎತ್ತು ವಾಲುತ್ತದೆ, ಮಗು ಕಿತ್ತು ಮತ್ತೆ ಹೊಸೆಯುತ್ತದೆ. ಡುಬ್ಬಕ್ಕಾಗಿ ಮೂರು ಬೆರಳಿನಿಂದ ಮಣ್ಣನ್ನು ಮೇಲಕ್ಕೆ ಚಿವುಟಿ ಎತ್ತಬೇಕು. ಕೋಡಿನ ತುದಿ ಚೂಪಾಗುವ ಹಾಗೆ ಬೆರಳ ತುದಿಯಲ್ಲಿ ತಿರುವಬೇಕು. ಕಡೆಗೆ ಕಣ್ಣಿಗೆ ಎರಡು ಜೋಳದ ಕಾಳು. ಒಂದು ಕೈಯಲ್ಲಿ ಎತ್ತಿನ ತಲೆ ಹಿಡಿದು, ಇನ್ನೊಂದು ಕೈಯ ಎರಡು ಬೆರಳಲ್ಲಿ ಕಾಳು ಹಿಡಿದು, ಮುಖ ಜಜ್ಜಿ ಹೋಗದಷ್ಟೇ ಒತ್ತಬೇಕು. ಪೆನ್ಸಿಲ್ ಹಿಡಿಯುವ ಮೂರು ಬೆರಳು, ಹಾಳೆ ಹರಿಯದಷ್ಟು ಒತ್ತುವ ಅಳತೆ, ಒಂದು ಕೈ ಪಾಟಿ ಹಿಡಿದಾಗ ಇನ್ನೊಂದು ಕೈ ಬರೆಯುವ ಹೊಂದಾಣಿಕೆ, ಈ ಮೂರೂ ಆ ಒಂದು ಎತ್ತಿನಲ್ಲಿ ಬಂದುಹೋದವು. ಮೂರು ವರ್ಷದ್ದಾದರೆ ಎತ್ತು ಕೇಳಬೇಡ; ಅದು ಹಾವು ಹೊಸೆಯಲಿ, ಉಂಡೆ ಕಟ್ಟಲಿ. ನಾಲ್ಕಕ್ಕೆ ಗೋದಲಿ ಮಾಡೀತು. ಆಷಾಢದಲ್ಲಿ ಗುಳ್ಳವ್ವನನ್ನು ಮಾಡುವಾಗ ಹೆಣ್ಣುಮಕ್ಕಳ ಜೊತೆ ಗಂಡುಹುಡುಗರನ್ನೂ ಕೂರಿಸು.

ಮಣಿಕಟ್ಟಿನೊಳಗೆ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ವರ್ಷ ವರ್ಷ ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಎಲ್ಲಕ್ಕೂ ಕಡೆಯದು ಗಟ್ಟಿಯಾಗತೊಡಗುವುದು ಎಂಟರಿಂದ ಹನ್ನೆರಡು ವರ್ಷದೊಳಗೆ. ಅಂಥ ಮಣಿಕಟ್ಟಿನಿಂದ ಮೂರು ವರ್ಷಕ್ಕೆ ಪುಟಗಟ್ಟಲೆ ಬರೆಸುತ್ತೇವೆ. ಮಗು ಒಂದೂವರೆ ವರ್ಷಕ್ಕೆ ಮುಷ್ಟಿಯಲ್ಲಿ ಹಿಡಿದು ಗೀಚುತ್ತದೆ. ಮೂರಕ್ಕೆ ದುಂಡಗೆ ಸುತ್ತಿ ಗೆರೆಯ ತುದಿ ಕೂಡಿಸುತ್ತದೆ. ನಾಲ್ಕಕ್ಕೆ ಅಡ್ಡಗೆರೆ, ಉದ್ದಗೆರೆ ದಾಟಿಸಿ ಕೂಡುವ ಗುರುತು ಹಾಕುತ್ತದೆ. ಐದರ ಸುಮಾರಿಗೆ ಚೌಕ, ತ್ರಿಕೋನ ಅದಕ್ಕೂ ಆಮೇಲೆ. ‘ಅ’ ಬರೆಯಲು ಎಷ್ಟು ಕಡೆ ಸುತ್ತಬೇಕು, ಎಲ್ಲಿ ತಡೆದು ತಿರುಗಬೇಕು ಎಂಬುದನ್ನು ಒಂದು ಸಲ ನೀನೇ ನಿಧಾನವಾಗಿ ಬರೆದು ನೋಡು. ಸರಕಾರಿ ಶಾಲೆಯ ಒಂದನೇ ಇಯತ್ತೆಯಲ್ಲಿ ಅಕ್ಷರಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುವುದು ಸುಮ್ಮನೆ ಅಲ್ಲ. ಸರಳ ಆಕಾರ ಮೊದಲು ಕೈಗೆ ಕೂತರೆ ಉಳಿದವು ಅದರ ಹಿಂದೆ ಬರುತ್ತವೆ. ಅಲ್ಲಿಯವರೆಗೆ ಮಗು ಅಂಗಳದ ಉಸುಕಿನಲ್ಲಿ ಬೆರಳಾಡಿಸಲಿ, ಬಳಪ ಹಿಡಿದು ಕಟ್ಟೆಯ ಮೇಲೆ ಗೀಚಲಿ, ನೀನು ರಂಗೋಲಿ ಹಾಕುವಾಗ ಪಕ್ಕದಲ್ಲಿ ತಾನೂ ಒಂದು ಚಿಟಿಕೆ ಉದುರಿಸಲಿ. ಶಾಲೆಯವರು ಹೋಂವರ್ಕ್ ಕೇಳಿದರೆ “ಐದು ವರ್ಷ ಆಗಲಿ, ಬರೆಸ್ತೀವಿ” ಎಂದು ಹೇಳುವ ಹಕ್ಕು ನಿನಗಿದೆ. ಅಂಜಬೇಡ.

ಎಡಗೈಯಲ್ಲಿ ಬರೆಯುವ ಮಗುವಿನ ಕೈಯಿಂದ ಬಳಪ ಕಿತ್ತು ಬಲಗೈಗೆ ತುರುಕುವುದನ್ನು ನಾನು ಬಹಳ ಕಂಡಿದ್ದೇನೆ. ಉಣ್ಣುವುದಕ್ಕೆ ಬಲಗೈ ರೂಢಿ ಮಾಡಿಸುವುದು ನಿಮ್ಮ ಮನೆಯ ಇಷ್ಟ, ಬರವಣಿಗೆಯಲ್ಲಿ ಮಾತ್ರ ಬಲವಂತ ಬೇಡ. ಯಾವ ಕೈ ಮುಂದೆ ಎಂಬುದು ಮೂರರಿಂದ ಐದು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಒಂದು ವರ್ಷವೂ ತುಂಬದ ಕೂಸು ಒಂದೇ ಕೈ ಬಳಸಿ, ಇನ್ನೊಂದನ್ನು ಮುಷ್ಟಿ ಬಿಗಿದು ಮೈಗೆ ಒತ್ತಿಕೊಂಡೇ ಇದ್ದರೆ ಆಗ ಡಾಕ್ಟರಿಗೆ ತೋರಿಸಬೇಕು. ಆ ವಯಸ್ಸಿನಲ್ಲಿ ಅದು ಎಡಚತನವಲ್ಲ, ಆ ಕೈಯಲ್ಲಿ ಬಲ ಕಡಿಮೆಯಿದೆ ಎಂಬ ಸೂಚನೆ ಇರಬಹುದು.

ಕೂತು ಬರೆಯಲು ಬೆನ್ನು ನಿಲ್ಲಬೇಕು, ಬೆನ್ನು ನಿಲ್ಲಲು ಮೈಯ ತೂಕ ಎತ್ತ ವಾಲುತ್ತಿದೆ ಎಂಬ ಅರಿವು ಬೇಕು. ಅದು ಒಳಗಿವಿಯ ಕೆಲಸ. ನಾಗರ ಪಂಚಮಿಯ ಜೋಕಾಲಿ ಆ ಒಳಗಿವಿಗೇ ಪಾಠ ಹೇಳುತ್ತದೆ. ಅಂದು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವ ಹುಡುಗರ ಕಣ್ಣು ಕೈ ಎರಡೂ ಒಂದೇ ತಾಳಕ್ಕೆ ಬರುತ್ತವೆ. ಲಿಂಬೆಹಣ್ಣು ಎಸೆಯುವ ಪಂದ್ಯದಲ್ಲಿ ಎಷ್ಟು ದೂರಕ್ಕೆ ಎಷ್ಟು ಜೋರು ಎಂಬುದನ್ನು ತೋಳು ಲೆಕ್ಕ ಹಾಕುತ್ತದೆ. ಇಂಡಿ ಕಡೆ ಲಿಂಬೆಗೆ ಬರವೂ ಇಲ್ಲ. ಎರಡು ವರ್ಷಕ್ಕೆ ಎರಡೂ ಕಾಲು ಕೂಡಿಸಿ ಜಿಗಿಯುವ ಮಗು ನಾಲ್ಕಕ್ಕೆ ಒಂಟಿಕಾಲಲ್ಲಿ ಕುಪ್ಪಳಿಸುತ್ತದೆ. ಆಗ ಕುಂಟಬಿಲ್ಲೆಗೆ ಬಿಡು, ಆರಕ್ಕೆ ಬುಗುರಿ, ಗೋಲಿ. ತಮ್ಮಾ, ಇದು ನಿನಗೂ ಹೇಳಿದ ಮಾತು: ಸಂಜೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕಟ್ಟೆಗೆ ಹೋಗುವ ಬದಲು ಜೋಕಾಲಿಗೆ ಹಗ್ಗ ಕಟ್ಟಿಕೊಡು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಐದು ತುಂಬುವವರೆಗೂ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎನ್ನುತ್ತದೆ ಅದೇ ವಿಶ್ವ ಆರೋಗ್ಯ ಸಂಸ್ಥೆ.

ಇಷ್ಟೆಲ್ಲ ಕೊಟ್ಟ ಮೇಲೂ ಕಲಿಯದ ಮಗು ಇರುತ್ತದೆ. ಆಗ ಮೊದಲು ಕಿವಿ ನೋಡಿಸು. ನಮ್ಮ ನಾಲ್ಕೂ ತಾಲೂಕಿನಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧದಲ್ಲೇ ಮದುವೆ ಮಾಡುವುದು ಇನ್ನೂ ಇದೆ. ಅಂಥ ಮನೆಗಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಕಿವುಡು ಕೂಸೂ ಮೊದಲ ತಿಂಗಳುಗಳಲ್ಲಿ ಆ ಊ ಅನ್ನುತ್ತದೆ, ನಗುತ್ತದೆ. ಹಾಗಾಗಿ ಮನೆಯವರಿಗೆ ತಿಳಿಯುವುದೇ ಇಲ್ಲ. ಆರು ತಿಂಗಳಾದರೂ ಸದ್ದು ಬಂದ ಕಡೆ ತಿರುಗದಿದ್ದರೆ, ವರ್ಷವಾದರೂ ಹೆಸರು ಕರೆದರೆ ನೋಡದಿದ್ದರೆ “ಅವರಪ್ಪನೂ ತಡಾನ ಮಾತಾಡ್ಯಾನ” ಎಂಬ ಸಮಾಧಾನಕ್ಕೆ ಕಿವಿಗೊಡಬೇಡ. ಹುಟ್ಟಿದ ವಾರದಲ್ಲೇ ಕಿವಿ ಪರೀಕ್ಷೆ ಮಾಡಲು ಬರುತ್ತದೆ. ಕೂಸಿಗೆ ನೋವೂ ಇಲ್ಲ. ಕೊರತೆ ಇದ್ದರೆ ಆರು ತಿಂಗಳೊಳಗೆ ಯಂತ್ರ, ತರಬೇತಿ ಶುರುವಾಗಬೇಕು ಎಂಬುದು ವೈದ್ಯರ ನಿಯಮ. ಮಾತು ಕೂರುವ ವಯಸ್ಸು ಕೈತಪ್ಪಿದರೆ ಆಮೇಲೆ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ದೂರ ನಿಜ, ಆದರೂ ಹೋಗಿಬರುವಂಥ ಊರು. ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದನ್ನು ಇಂದೇ ನಿಲ್ಲಿಸು. ಕಣ್ಣೊಳಗೆ ಕಾಡಿಗೆಯೂ ಬೇಡ. ದೃಷ್ಟಿಗೆ ಅಂಗಾಲಿಗೆ ಒಂದು ಬೊಟ್ಟು ಇಟ್ಟರೆ ಸಾಕು. ನಾಲ್ಕು ತಿಂಗಳು ದಾಟಿದ ಮೇಲೂ ಮೆಳ್ಳೆಗಣ್ಣು ಇದ್ದರೆ ಅದೃಷ್ಟ ಎಂದು ಸಂತೋಷಪಡದೆ ಕಣ್ಣಿನ ಡಾಕ್ಟರಿಗೆ ತೋರಿಸು. ಬಿಟ್ಟರೆ ಆ ಕಣ್ಣು ನೋಡುವುದನ್ನೇ ಮರೆಯುತ್ತದೆ.

ಮೂರು ತಿಂಗಳಾದರೂ ಮುಖ ನೋಡಿ ನಗದ, ಒಂಬತ್ತು ತಿಂಗಳು ದಾಟಿದರೂ ಕೂರದ, ಒಂದೂವರೆ ವರ್ಷಕ್ಕೂ ನಡೆಯದ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಆಡದ ಮಗುವನ್ನು ತೋರಿಸಲೇಬೇಕು. ಬರುತ್ತಿದ್ದ ಮಾತು, ನಡಿಗೆ ಹಿಂದಕ್ಕೆ ಹೋದರೆ ಒಂದು ದಿನವೂ ಕಾಯಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಡಾಕ್ಟರರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಯಾವ ದಿನ ಎಂದು ಅಕ್ಕೋರನ್ನು ಮೊದಲೇ ಕೇಳಿಟ್ಟುಕೋ. ಅಂದು ಕೂಲಿ ಹೋದರೂ ಹೋಗಲಿ, ಮಗುವನ್ನು ಎತ್ತಿಕೊಂಡು ನೀನೇ ಹೋಗಿ ನಿನ್ನ ಅನುಮಾನವನ್ನು ಬಾಯಿಬಿಟ್ಟು ಹೇಳು. ಹೆಚ್ಚಿನ ತಪಾಸಣೆ ಬೇಕಾದರೆ ವಿಜಯಪುರಕ್ಕೆ ಚೀಟಿ ಬರೆದು ಕಳಿಸುತ್ತಾರೆ.

ಸುಗ್ಗಿ ಮುಗಿದ ಮೇಲೆ ಗೋವಾ, ಮಹಾರಾಷ್ಟ್ರ, ಮಂಗಳೂರು ಎಂದು ದುಡಿಯಲು ಹೋಗುವವರಿಗೆ ಇನ್ನೊಂದು ಮಾತು. ಕಬ್ಬಿನ ಗದ್ದೆಯ ಬದುವಿನಲ್ಲಿ, ಕಟ್ಟಡದ ಜಲ್ಲಿ ರಾಶಿಯ ಪಕ್ಕದಲ್ಲಿ ಬೆಳೆಯುವ ಕೂಸನ್ನು ಯಾರೂ ತೂಕ ಮಾಡುವುದಿಲ್ಲ, ಅದು ಕೂತಿತೋ ನಡೆಯಿತೋ ಯಾರೂ ಬರೆದಿಡುವುದಿಲ್ಲ. ಸಾಧ್ಯವಿದ್ದರೆ ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಕೇಳಿ, ಕೂಸನ್ನು ಪಂಚಾಯಿತಿಯ ಕೂಸಿನ ಮನೆಗೆ ಬಿಡು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ನಮ್ಮ ಸರಕಾರ 2023ರಲ್ಲಿ ಘೋಷಿಸಿದ್ದು ಅದು. ಹೋಗಲೇಬೇಕಾದರೆ ಗಂಟಿನಲ್ಲಿ ತಾಯಿ ಕಾರ್ಡು ಮೊದಲು ಇಡು. ಕೂಸಿನ ಬೆಳವಣಿಗೆಯ ಹಂತಗಳ ಚಿತ್ರಗಳೂ ಅದರಲ್ಲಿಯೇ ಇವೆ, ಓದು ಬಾರದಿದ್ದರೂ ನೋಡಿ ತಿಳಿಯಬಹುದು. ಹೊರಡುವುದನ್ನು ಇಲ್ಲಿನ ಅಕ್ಕೋರಿಗೆ ಹೇಳಿ ಹೋಗು, ಹೋದ ಊರಿನ ಅಂಗನವಾಡಿಯಲ್ಲಿ ಕೂಸಿನ ಹೆಸರು ಹಚ್ಚಿಸು. ಭಾಷೆ ಬಾರದಿದ್ದರೂ ಆ ಕಾರ್ಡು ತೋರಿಸಿದರೆ ಅವರಿಗೆ ತಿಳಿಯುತ್ತದೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೆ ಕೊಡುವ ವಿಟಮಿನ್ ಎ ದ್ರಾವಣ ತಪ್ಪಿದ್ದರೆ ಊರಿಗೆ ಬಂದ ವಾರದಲ್ಲೇ ಸಿಸ್ಟರಿಗೆ ಹೇಳಿ ಹಾಕಿಸು.